ಪಣಂಬೂರಿಗೆ ಬರುವ ಹಡಗಿಗೆ ಕಾವಲು: ನಮ್ಮ ನೌಕಾಪಡೆ ದೂರದ ಕಡಲಲ್ಲಿ ವರ್ಷಪೂರ್ತಿ ಇರಬೇಕಾ?

ಸುರತ್ಕಲ್ ಇಂಜಿನಿಯರ್

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ಬರೆಯಬೇಕು ಅಂದುಕೊಂಡ ವಿಷಯ. ಸ್ವಲ್ಪ ಉದ್ದ ಆಗಬಹುದು, ಓದಿ.

2023ರ ಡಿಸೆಂಬರ್ 23ರಂದು ಕೆಮ್ ಪ್ಲೂಟೊ ಎಂಬ ಟ್ಯಾಂಕರಿಗೆ ಡ್ರೋನ್ ಬಂದು ಬಡಿಯಿತು. ಪೋರಬಂದರಿನಿಂದ ಸುಮಾರು 200 ನಾಟಿಕಲ್ ಮೈಲು ಆಚೆ. ಬೆಂಕಿ ಹತ್ತಿತು, ಆರಿಸಿದರು. ಯಾರಿಗೂ ಗಾಯ ಆಗಲಿಲ್ಲ, ದೇವರ ದಯೆ. ಕೋಸ್ಟ್ ಗಾರ್ಡಿನ ವಿಕ್ರಮ್ ಹಡಗು ಜೊತೆಗೆ ನಿಂತು ಅದನ್ನು ಮುಂಬೈಗೆ ಕರೆತಂದಿತು. ಟಿವಿಯಲ್ಲಿ ಎರಡು ದಿನ ಸುದ್ದಿ ಬಂತು, ಆಮೇಲೆ ಎಲ್ಲರೂ ಮರೆತರು. ಆದರೆ ಆ ಹಡಗು ಸೌದಿಯ ಅಲ್ ಜುಬೈಲಿನಿಂದ ಹೊರಟು ಬರುತ್ತಿದ್ದದ್ದು ಎಲ್ಲಿಗೆ ಗೊತ್ತುಂಟಾ? ನಮ್ಮ ಮಂಗಳೂರಿನ ಪಣಂಬೂರಿಗೆ. ನಾನು ದಿನಾ ಸಂಜೆ ವಾಕಿಂಗ್ ಹೋಗುವಾಗ ಕಾಣುವ ಅದೇ ಬಂದರಿಗೆ.

ನಾನು ಟ್ಯಾಂಕರುಗಳ ಇಂಜಿನ್ ರೂಮಿನಲ್ಲಿ ದುಡಿದವನು. 2009ರಿಂದ 2012ರ ನಡುವೆ, ಸೊಮಾಲಿ ಕಡಲ್ಗಳ್ಳರ ಕಾಟ ಇದ್ದ ಕಾಲದಲ್ಲಿ, ಯೆಮೆನ್ ಮತ್ತು ಸೊಮಾಲಿಯಾ ನಡುವಿನ ಏಡನ್ ಕೊಲ್ಲಿಯನ್ನು ಎಷ್ಟೋ ಸಲ ದಾಟಿದ್ದೇನೆ. ಡೆಕ್ಕಿನ ಸುತ್ತ ಮುಳ್ಳುತಂತಿ ಕಟ್ಟುತ್ತಿದ್ದೆವು. ಬೆಂಕಿ ಆರಿಸುವ ಹೋಸುಗಳನ್ನು ಹೊರಮುಖ ಮಾಡಿ ನೀರು ಬಿಟ್ಟಿರುತ್ತಿದ್ದೆವು. ರಾತ್ರಿ ಕಿಟಕಿಯಿಂದ ಬೆಳಕು ಹೊರಗೆ ಬೀಳಬಾರದು. ಕಳ್ಳರು ಹತ್ತಿಯೇ ಬಿಟ್ಟರೆ ಎಲ್ಲರೂ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ. ಅದಕ್ಕೆ ಸಿಟಡೆಲ್ ಅನ್ನುತ್ತಾರೆ. ನಮ್ಮ ಹಡಗಿನಲ್ಲಿ ಸ್ಟೀರಿಂಗ್ ಗೇರ್ ರೂಮನ್ನೇ ಹಾಗೆ ಮಾಡಿದ್ದೆವು. ಕುಡಿಯುವ ನೀರು, ಬಿಸ್ಕತ್ತು, ಒಂದು ಸ್ಯಾಟಲೈಟ್ ಫೋನು. ಲೋಡ್ ಆದ ಟ್ಯಾಂಕರ್ ನೀರಿನಲ್ಲಿ ತಗ್ಗಿರುತ್ತದೆ. ಓಡುವುದೂ 12, 13 ನಾಟ್, ಅಂದರೆ ಗಂಟೆಗೆ 22ರಿಂದ 24 ಕಿಲೋಮೀಟರ್ ಅಷ್ಟೆ. ಅವರ ಸಣ್ಣ ದೋಣಿಗೆ ಅದರ ಎರಡು ಪಟ್ಟು ವೇಗ. ಕೊಕ್ಕೆ ಇರುವ ಏಣಿ ಎಸೆದರೆ ಮುಗಿಯಿತು.

ಒಂದು ರಾತ್ರಿ ವಾಚ್ ಮುಗಿಯುವ ಹೊತ್ತಿಗೆ ಬ್ರಿಜ್‌ನಿಂದ ಫೋನು ಬಂತು. 'ನಮ್ಮ ನೇವಿ ಹಡಗು ಪಕ್ಕದಲ್ಲೇ ಉಂಟು, ವಿಎಚ್‌ಎಫ್ ರೇಡಿಯೊದಲ್ಲಿ ಹಿಂದಿಯಲ್ಲಿ ಮಾತಾಡಿದರು' ಅಂದರು. ಇಂಜಿನ್ ರೂಮಿನಲ್ಲಿ ಇದ್ದವರು ಯಾರೂ ಎಂತದೂ ಹೇಳಲಿಲ್ಲ. ನಾನು ಅವತ್ತು ಬಟ್ಟೆ ಬದಲಿಸಿ ಮಲಗಿದೆ. ಅದಕ್ಕಿಂತ ಮುಂಚೆ ಮೂರು ದಿನ ಬಾಯ್ಲರ್ ಸೂಟಿನಲ್ಲೇ ಮಲಗಿದ್ದೆ.

ನಮ್ಮ ನೌಕಾಪಡೆ ಏಡನ್ ಕೊಲ್ಲಿಯಲ್ಲಿ ಗಸ್ತು ಶುರು ಮಾಡಿದ್ದು 2008ರ ಅಕ್ಟೋಬರಿನಲ್ಲಿ. ಅದಕ್ಕೆ ಒಂದು ತಿಂಗಳ ಹಿಂದೆ ಸ್ಟೋಲ್ಟ್ ವ್ಯಾಲರ್ ಹಡಗನ್ನು ಕಡಲ್ಗಳ್ಳರು ಹಿಡಿದಿದ್ದರು, ಅದರಲ್ಲಿ 18 ಜನ ಭಾರತೀಯರು. ಅಲ್ಲಿಂದ ಶುರುವಾದ ಕಾವಲು ಇವತ್ತಿಗೂ ನಿಂತಿಲ್ಲ. ಬೇರೆ ದೇಶಗಳೂ ಬಂದವು. 2012ರ ನಂತರ ಅಪಹರಣ ಇಳಿಯಿತು. ಎಲ್ಲರಿಗೂ ಧೈರ್ಯ ಬಂತು. ಕಂಪನಿಗಳು ಹಡಗಿನ ಮೇಲಿನ ಬಂದೂಕಿನ ಗಾರ್ಡುಗಳನ್ನು ಕಡಿಮೆ ಮಾಡಿದವು. 2023ರ ಕೊನೆಗೆ ಜಗತ್ತಿನ ಯುದ್ಧನೌಕೆಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಮಾಡುತ್ತಿದ್ದ ಯೆಮೆನಿನ ಹೂತಿ ಬಂಡುಕೋರರ ಕಡೆ ತಿರುಗಿದವು. ಅದೇ ಡಿಸೆಂಬರ್ 14ಕ್ಕೆ ಸೊಮಾಲಿ ಕಳ್ಳರು ರುಯೆನ್ ಎಂಬ ಹಡಗನ್ನು ಹಿಡಿದೇ ಬಿಟ್ಟರು.

ನನಗೆ ಅನಿಸುವುದು ಇಷ್ಟು. ಸುದ್ದಿ ಇದ್ದಾಗ ಹತ್ತು ಹಡಗು ಕಳಿಸಿ, ಸುದ್ದಿ ಇಲ್ಲದಾಗ ವಾಪಸ್ ಕರೆದರೆ ಪ್ರಯೋಜನ ಇಲ್ಲ. ಏನೂ ಆಗದ ವರ್ಷದಲ್ಲೂ ಅಲ್ಲಿ ಇರಬೇಕು. ನಿಮಗೆ ಎಂತ ಅನಿಸುತ್ತದೆ?

ಪಡುಬಿದ್ರಿಯವ

ಅಣ್ಣಾ, ನಿಮ್ಮ ಅನುಭವಕ್ಕೆ ಗೌರವ ಉಂಟು. ಆದರೆ ನನ್ನದೊಂದು ನೇರ ಪ್ರಶ್ನೆ. ಕೆಮ್ ಪ್ಲೂಟೊಗೆ ಇದ್ದದ್ದು ಲೈಬೀರಿಯಾ ಬಾವುಟ. ರುಯೆನ್ ಮಾಲ್ಟಾದ್ದು. ತೆರಿಗೆ ಉಳಿಸಲು ಮಾಲೀಕರು ಎಲ್ಲೆಲ್ಲೋ ನೋಂದಣಿ ಮಾಡಿಸುತ್ತಾರೆ. ಕಷ್ಟ ಬಂದಾಗ ಕರೆಯುವುದು ಭಾರತದ ನೌಕಾಪಡೆಯನ್ನು. ಡೀಸೆಲ್ ಖರ್ಚು ನಮ್ಮದು, ಸಂಬಳ ನಮ್ಮದು. ಲೈಬೀರಿಯಾ ಎಂತ ಕೊಟ್ಟಿತು? ನಮ್ಮ ಕರಾವಳಿಯಲ್ಲಿ ಕಡಲ್ಕೊರೆತಕ್ಕೆ ಕಲ್ಲು ಹಾಕಲು ಪ್ರತಿ ಮಳೆಗಾಲ ದುಡ್ಡಿಗೆ ಅಂಗಲಾಚಬೇಕು.

ಬಂದರು ಏಜೆಂಟ್

ಪಡುಬಿದ್ರಿಯವರೆ, ನಾನು ಪಣಂಬೂರಿನಲ್ಲಿ ಕ್ಲಿಯರಿಂಗ್ ಕೆಲಸ ಮಾಡುವವ. ಬಾವುಟ ಯಾವುದೇ ಇರಲಿ, ಒಳಗಿನ ಮಾಲು ಯಾರದ್ದು ಅಂತ ನೋಡಿ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ 100ಕ್ಕೆ 85ಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಎಂಆರ್‌ಪಿಎಲ್ ವರ್ಷಕ್ಕೆ 1.5 ಕೋಟಿ ಟನ್ ಶುದ್ಧೀಕರಿಸುವ ಸ್ಥಾವರ. ಅಡುಗೆ ಗ್ಯಾಸ್ ಹಡಗು ನಮ್ಮ ಬಂದರಿಗೆ ಬಂದು, ಇಲ್ಲಿಂದ ಘಟ್ಟ ಹತ್ತಿ ಬೆಂಗಳೂರಿನವರೆಗೆ ಹೋಗುತ್ತದೆ. ಆಫ್ರಿಕಾದ ಕಚ್ಚಾ ಗೇರುಬೀಜ ಬರದಿದ್ದರೆ ಇಲ್ಲಿನ ಕಾರ್ಖಾನೆಯಲ್ಲಿ ಕೂತು ಬೀಜ ಸುಲಿಯುವ ಹೆಂಗಸರಿಗೆ ಕೆಲಸ ಇಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ಯುರೋಪಿಗೆ ಹೋಗುವುದು ಕೆಂಪು ಸಮುದ್ರದ ದಾರಿಯಲ್ಲಿ. ಹೂತಿಗಳ ದಾಳಿಗೆ ಹೆದರಿ ಆ ದಾರಿ ಬಿಟ್ಟು ಆಫ್ರಿಕಾ ಸುತ್ತಿ ಹೋದಾಗ ಹತ್ತು ಹದಿನಾಲ್ಕು ದಿನ ಜಾಸ್ತಿ ಆಯಿತು. ಕಂಟೇನರ್ ಸಿಗಲಿಲ್ಲ, ಬಾಡಿಗೆ ಏರಿತು. ಆ ತಿಂಗಳುಗಳಲ್ಲಿ ನನ್ನ ಫೋನು ರಾತ್ರಿ ಹನ್ನೊಂದರವರೆಗೆ ಬಡಿದುಕೊಳ್ಳುತ್ತಿತ್ತು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. 2010ರಲ್ಲಿ ಹಡಗು ಉದ್ಯಮದವರು ಕಡಲ್ಗಳ್ಳರ ಅಪಾಯದ ಪ್ರದೇಶ ಅಂತ ನಕ್ಷೆಯಲ್ಲಿ ಹಾಕಿದ್ದ ಗೆರೆಯನ್ನು ಪೂರ್ವಕ್ಕೆ 78 ಡಿಗ್ರಿ ರೇಖಾಂಶದವರೆಗೆ ಎಳೆದರು. ಮಂಗಳೂರು ಇರುವುದು 75 ಡಿಗ್ರಿಯ ಒಳಗೆ. ಅಂದರೆ ನಮ್ಮ ಪಣಂಬೂರು, ಕಾರವಾರ, ಕೊಚ್ಚಿ ಎಲ್ಲ ಆ ಗೆರೆಯ ಒಳಗೆ ಬಂತು. ಇಲ್ಲಿಗೆ ಬರುವ ಹಡಗಿಗೆ ವಿಮೆ ಜಾಸ್ತಿ, ಗಾರ್ಡು ಜಾಸ್ತಿ. ಆ ದುಡ್ಡನ್ನು ಕೊನೆಗೆ ಮಾಲು ತರಿಸುವವನೇ ಕೊಡಬೇಕು. ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್ ಸೇರಿ ಈ ಕಡಲನ್ನು ಸುಮ್ಮನಾಗಿಸಿದ ಮೇಲೂ ಗೆರೆ ಹಿಂದೆ ಸರಿಯಲಿಲ್ಲ. ದೆಹಲಿಯವರು ವರ್ಷಗಟ್ಟಲೆ ವಾದ ಮಾಡಬೇಕಾಯಿತು. 2015ರ ಡಿಸೆಂಬರಿನಲ್ಲಿ ಅದು 65 ಡಿಗ್ರಿಗೆ ಹಿಂದೆ ಹೋಯಿತು. ಗಸ್ತಿನ ಡೀಸೆಲ್ ಲೆಕ್ಕ ಹಾಕುವಾಗ ಈ ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಉಳ್ಳಾಲದ ಅಕ್ಕ

ಇಲ್ಲಿ ಎಲ್ಲರೂ ಎಣ್ಣೆ, ಗೇರುಬೀಜ ಅಂತ ಹೇಳುತ್ತಿದ್ದೀರಿ. ಹಡಗಿನ ಒಳಗೆ ಮನುಷ್ಯರೂ ಇರುತ್ತಾರೆ. ನನ್ನ ಗಂಡ ಬೋಸನ್, ಅಂದರೆ ಡೆಕ್ಕಿನ ಕೆಲಸದವರ ಮೇಸ್ತ್ರಿ. ಹದಿನೆಂಟು ವರ್ಷ ಆಯಿತು ಶಿಪ್ಪಿಗೆ ಹೋಗಲು ಶುರು ಮಾಡಿ. ಜಗತ್ತಿನ ಹಡಗಿನವರಲ್ಲಿ ಹತ್ತರಲ್ಲಿ ಒಬ್ಬರಾದರೂ ನಮ್ಮ ದೇಶದವರು ಅನ್ನುತ್ತಾರೆ. ನಮ್ಮ ಬೀದಿಯಲ್ಲೇ ನಾಲ್ಕು ಮನೆಯವರು ಉಂಟು. ಬಾವುಟ ಲೈಬೀರಿಯಾದ್ದು ಇರಬಹುದು, ಒಳಗೆ ಇರುವುದು ನಮ್ಮ ಮಕ್ಕಳೇ.

ಅಸ್ಫಾಲ್ಟ್ ವೆಂಚರ್ ಹಡಗು ನೆನಪುಂಟಾ? 2010ರ ಸೆಪ್ಟೆಂಬರಿನಲ್ಲಿ ಹಿಡಿದರು. 2011ರ ಏಪ್ರಿಲಿನಲ್ಲಿ ದುಡ್ಡು ತೆಗೆದುಕೊಂಡು ಹಡಗನ್ನು ಬಿಟ್ಟರು. ಆದರೆ ಏಳು ಜನ ಭಾರತೀಯರನ್ನು ದಡಕ್ಕೆ ಕರೆದುಕೊಂಡು ಹೋಗಿ ಇಟ್ಟುಕೊಂಡರು. ನಮ್ಮ ನೌಕಾಪಡೆ ಹಿಡಿದ ಅವರ ಜನರನ್ನು ಬಿಡಬೇಕು ಅಂತ ಹಟ. ಆ ಏಳು ಜನ ಬಿಡುಗಡೆ ಆದದ್ದು 2014ರ ಅಕ್ಟೋಬರಿನಲ್ಲಿ. ನಾಲ್ಕು ವರ್ಷ! ಆಗ ನನ್ನ ಮಗಳು ಚಿಕ್ಕವಳು. ಪ್ರತಿ ಸಲ ಆ ಸುದ್ದಿ ಬಂದಾಗ ಅತ್ತೆ ಟಿವಿ ಆರಿಸುತ್ತಿದ್ದರು.

ಕಾವಲು ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಡಲಿನಲ್ಲಿ ಕಳ್ಳನನ್ನು ಹಿಡಿದರೆ ದಡದಲ್ಲಿ ಒತ್ತೆ ಇರುವವರ ಗತಿ ಎಂತ ಅಂತ ಯಾರಾದರೂ ಅದೇ ಹೊತ್ತಿಗೆ ಯೋಚಿಸಬೇಕು. ಆ ಏಳು ಮನೆಯವರು ಬಾಗಿಲಿಂದ ಬಾಗಿಲಿಗೆ ಅಲೆದರು.

ಕಾರ್ಕಳ ಮಾಜಿ ನೌಕಾಪಡೆ

ಅಕ್ಕಾ, ನಿಮ್ಮ ಮಾತು ಸರಿ. ಹಡಗು ದಡ ಮುಟ್ಟಿದ ಮೇಲೆ ನಮ್ಮ ಕೈಯಲ್ಲಿ ಎಂತದೂ ಇರುವುದಿಲ್ಲ. ಹಾಗಾಗಿಯೇ ದಡಕ್ಕೆ ಹೋಗುವ ಮುಂಚೆ ತಡೆಯಬೇಕು. ಅದಕ್ಕೇ ವಿಮಾನ ಬೇಕು.

ಒಂದು ಗಸ್ತಿನಲ್ಲಿ ನಾನೂ ಇದ್ದೆ. ಜನ ಕಮಾಂಡೊಗಳ ವಿಡಿಯೊ ನೋಡುತ್ತಾರೆ. ನಿಜವಾದ ಕೆಲಸ ಬೇಸರದ್ದು. ಏಡನ್ ಕೊಲ್ಲಿಯಲ್ಲಿ 490 ನಾಟಿಕಲ್ ಮೈಲು ಉದ್ದದ ಒಂದು ದಾರಿ ಗುರುತಿಸಿದ್ದಾರೆ. ಅಂದರೆ 900 ಕಿಲೋಮೀಟರ್. ಮಂಗಳೂರಿನಿಂದ ಮುಂಬೈಗೆ ರೈಲಿನಲ್ಲಿ ಹೋದಷ್ಟು. ವ್ಯಾಪಾರಿ ಹಡಗುಗಳನ್ನು ಗುಂಪು ಮಾಡಿ ಆ ದಾರಿಯಲ್ಲಿ ದಾಟಿಸಬೇಕು. ಆ ಕಡೆ ಮುಟ್ಟಿದರೆ ಇನ್ನೊಂದು ಗುಂಪು ಕಾದಿರುತ್ತದೆ, ಅದನ್ನು ಹಿಡಿದುಕೊಂಡು ವಾಪಸ್. ದಿನಾ ಅದೇ. ಸೆಕೆಯಲ್ಲಿ ಬೈನಾಕ್ಯುಲರ್ ಹಿಡಿದು ನಿಂತವನಿಗೆ ಮೀನು ಹಿಡಿಯುವ ದೋಣಿ ಯಾವುದು, ಕಳ್ಳರ ದೋಣಿ ಯಾವುದು ಅಂತ ಗೊತ್ತಾಗಬೇಕು. ದೋಣಿಯಲ್ಲಿ ಬಲೆ ಇಲ್ಲ, ಏಣಿ ಉಂಟು ಅಂದರೆ ಸಂಶಯ. ಹೀಗೆ 3,000ಕ್ಕೂ ಮೀರಿ ಹಡಗುಗಳನ್ನು ದಾಟಿಸಿದ್ದಾರೆ, ಹೆಚ್ಚಿನವು ಬೇರೆ ದೇಶದ ಬಾವುಟದವು. ಬೇಕಾದರೆ ಹತ್ತಿರದ ಸಲಾಲಾ ಬಂದರಿಗೆ ಹೋಗಿ ಎಣ್ಣೆ, ತರಕಾರಿ ತುಂಬಿಸಿಕೊಂಡು ಮತ್ತೆ ಹೊರಡುವುದು.

ಒಂದು ಹಡಗು ಅಲ್ಲಿ ಯಾವಾಗಲೂ ಇರಬೇಕಾದರೆ ಲೆಕ್ಕಕ್ಕೆ ಮೂರು ಬೇಕು. ಒಂದು ಗಸ್ತಿನಲ್ಲಿ, ಒಂದು ದಾರಿಯಲ್ಲಿ, ಒಂದು ರಿಪೇರಿಯಲ್ಲಿ. ಇದು ಖರ್ಚಿನ ವಿಷಯವೇ, ಪಡುಬಿದ್ರಿಯವರು ಕೇಳಿದ್ದು ತಪ್ಪಲ್ಲ. 2023ರ ಡಿಸೆಂಬರಿನಿಂದ ನೂರು ದಿನದಲ್ಲಿ 21 ಹಡಗು, 5,000 ಜನ, ವಿಮಾನಗಳ 900 ಗಂಟೆ ಹಾರಾಟ ಆಗಿದೆ ಅಂತ ನೌಕಾಪಡೆಯೇ ಲೆಕ್ಕ ಕೊಟ್ಟಿದೆ. 110 ಜನರ ಜೀವ ಉಳಿಯಿತು, ಅವರಲ್ಲಿ 45 ಜನ ಭಾರತೀಯರು.

ವಿಮಾನದ ಬಗ್ಗೆ ಹೇಳುತ್ತೇನೆ. ಯುದ್ಧನೌಕೆ ಓಡಿ ಓಡಿ ಗಂಟೆಗೆ 50 ಕಿಲೋಮೀಟರ್. ಅದರ ರೇಡಾರಿಗೆ ಸಣ್ಣ ದೋಣಿ ಕಾಣುವುದು ಹತ್ತಿರ ಬಂದಾಗ ಮಾತ್ರ, ಭೂಮಿಯ ಉಬ್ಬು ಅಡ್ಡ ಬರುತ್ತದೆ. ಮೇಲಿನಿಂದ ನೋಡಿದರೆ ಆ ತೊಂದರೆ ಇಲ್ಲ. ನಮ್ಮ ಹತ್ತಿರ ಪಿ-8ಐ ವಿಮಾನ 12 ಉಂಟು. ಮೊದಲು ಎಲ್ಲ ತಮಿಳುನಾಡಿನ ಅರಕ್ಕೋಣಂನಲ್ಲಿ ಇದ್ದವು. 2022ರಲ್ಲಿ ಗೋವಾದ ಹಂಸ ನೌಕಾನೆಲೆಯಲ್ಲಿ ಎರಡನೇ ತಂಡ ಶುರುವಾಯಿತು. ಅರಬ್ಬಿ ಕಡಲಿಗೆ ಅಷ್ಟು ಹತ್ತಿರ ಆಯಿತು. ಕರೆ ಬಂದರೆ ವಿಮಾನ ಮೊದಲು ಹೋಗಿ ತಲೆಯ ಮೇಲೆ ಸುತ್ತುತ್ತದೆ, ರೇಡಿಯೊದಲ್ಲಿ ಮಾತಾಡುತ್ತದೆ. 2024ರ ಜನವರಿಯಲ್ಲಿ ಲೀಲಾ ನಾರ್ಫೋಕ್ ಹಡಗಿಗೆ ಕಳ್ಳರು ಹತ್ತಿದರು. ಒಳಗಿನ 21 ಜನ ಸಿಟಡೆಲ್ ಸೇರಿಕೊಂಡಿದ್ದರು. ಮೇಲೆ ವಿಮಾನ ಸುತ್ತಿತು, ಹಿಂದೆಯೇ ಐಎನ್ಎಸ್ ಚೆನ್ನೈ ಬಂತು. ಕಮಾಂಡೊಗಳು ಹತ್ತಿ ನೋಡಿದರೆ ಕಳ್ಳರು ಒಬ್ಬರೂ ಇಲ್ಲ, ಓಡಿಹೋಗಿದ್ದರು. ಗುಂಡು ಹಾರಿಸುವ ಪ್ರಮೇಯವೇ ಬರಲಿಲ್ಲ. ನನಗೆ ಎಲ್ಲಕ್ಕಿಂತ ಹೆಮ್ಮೆ ಅದರ ಬಗ್ಗೆ.

ರುಯೆನ್ ಬೇರೆ ತರ. ನಮ್ಮ ತೀರದಿಂದ 2,600 ಕಿಲೋಮೀಟರ್ ದೂರ. ಐಎನ್ಎಸ್ ಕೋಲ್ಕತಾ 40 ಗಂಟೆ ಬೆನ್ನು ಬಿಡಲಿಲ್ಲ. ವಾಯುಪಡೆಯ ಸಿ-17 ವಿಮಾನ ಹೋಗಿ ಕಮಾಂಡೊಗಳನ್ನೂ ದೋಣಿಗಳನ್ನೂ ಕಡಲಿಗೆ ಇಳಿಸಿತು. 2024ರ ಮಾರ್ಚ್ 16ಕ್ಕೆ 35 ಕಳ್ಳರು ಶರಣಾದರು. 17 ಜನ ಸಿಬ್ಬಂದಿ ಸುರಕ್ಷಿತವಾಗಿ ಹೊರಗೆ ಬಂದರು.

ಮಲ್ಪೆ ತಂಡೇಲ

ನಾನು ಆಳಸಮುದ್ರ ಬೋಟಿನ ತಂಡೇಲ, ಅಂದರೆ ಬೋಟು ನಡೆಸುವವ. ಹತ್ತು ಹನ್ನೆರಡು ದಿನ ಕಡಲಲ್ಲಿ ಇರುವವರು ನಾವು. ನೌಕಾಪಡೆಯ ಬಗ್ಗೆ ನಮಗೆ ಪ್ರೀತಿ ಉಂಟು. 2018ರ ಡಿಸೆಂಬರಿನಲ್ಲಿ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾದಾಗ, ಮರುವರ್ಷ ಮೇ ತಿಂಗಳಲ್ಲಿ ಮಾಲ್ವಣದ ಆಚೆ ಕಡಲ ತಳದಲ್ಲಿ ಅದರ ಅವಶೇಷ ಹುಡುಕಿಕೊಟ್ಟದ್ದು ಅವರೇ. ಅಷ್ಟು ತಿಂಗಳು ಆ ಮನೆಯವರು ಅನುಭವಿಸಿದ್ದು ನಮಗೆ ಗೊತ್ತು.

ಆದರೆ ನೀವು ಯಾರೂ ಹೇಳದ ಒಂದು ಮಾತು ಹೇಳಬೇಕು. ಕಡಲ್ಗಳ್ಳರು ದೂರ ಬರುವುದು ಹೇಗೆ? ಸಣ್ಣ ದೋಣಿಯಲ್ಲಿ ಅಲ್ಲ. ಮೊದಲು ಒಂದು ಮೀನುಗಾರಿಕೆ ಬೋಟನ್ನು ಹಿಡಿಯುತ್ತಾರೆ. ಅದರ ಜನರನ್ನು ಒತ್ತೆ ಇಟ್ಟು, ಅದರ ಡೀಸೆಲ್, ಅದರ ಅಕ್ಕಿಯಲ್ಲೇ ತಿಂಗಳುಗಟ್ಟಲೆ ತಿರುಗುತ್ತಾರೆ. 2011ರಲ್ಲಿ ಲಕ್ಷದ್ವೀಪದ ಹತ್ತಿರ ಸಿಕ್ಕಿದ ಪ್ರಾಂತಲೆ 14 ಮತ್ತು 11 ಥಾಯ್ಲೆಂಡಿನ ಮೀನಿನ ಬೋಟುಗಳು. ಅದೇ ಮಾರ್ಚಿನಲ್ಲಿ 61 ಕಳ್ಳರ ಸಮೇತ ಸಿಕ್ಕಿದ ವೇಗಾ 5 ಕೂಡ ಮೀನಿನ ಬೋಟೇ. 2024ರ ಜನವರಿಯಲ್ಲಿ ಐಎನ್ಎಸ್ ಸುಮಿತ್ರಾ ಎರಡು ದಿನದಲ್ಲಿ ಬಿಡಿಸಿದ ಇಮಾನ್ ಮತ್ತು ಅಲ್ ನಯೀಮಿ ಇರಾನಿನ ಬೋಟುಗಳು. ಒಂದರಲ್ಲಿ ಪಾಕಿಸ್ತಾನದ 19 ಜನ ಇದ್ದರು. ಎಲ್ಲರೂ ನಮ್ಮ ಹಾಗೆ ಬಲೆ ಹಾಕಿ ಹೊಟ್ಟೆ ಹೊರೆಯುವವರೇ.

2008ರ ನವೆಂಬರಿನಲ್ಲಿ ಎಂತ ಆಯಿತು? ಐಎನ್ಎಸ್ ತಬರ್ ಕಳ್ಳರ ತಾಯಿಹಡಗು ಅಂತ ಒಂದನ್ನು ಮುಳುಗಿಸಿತು. ಅದು ಎಕಾವತ್ ನಾವಾ 5 ಎಂಬ ಥಾಯ್ ಟ್ರಾಲರ್. ಕಳ್ಳರು ಹಿಡಿದು ಕೆಲವೇ ಗಂಟೆ ಆಗಿತ್ತು. ಮೀನುಗಾರರು ಒಳಗೇ ಇದ್ದರು. ಜೀವಂತ ಸಿಕ್ಕಿದ್ದು ಒಬ್ಬ, ಆರು ದಿನ ಕಡಲಲ್ಲಿ ತೇಲಿದ ಮೇಲೆ. 2012ರಲ್ಲಿ ಕೇರಳದ ಎದುರು ಇಟಲಿಯ ಹಡಗಿನ ಸೈನಿಕರು ಇಬ್ಬರು ಮೀನುಗಾರರನ್ನು ಕಳ್ಳರು ಅಂದುಕೊಂಡು ಗುಂಡು ಹಾಕಿದರು. ಅದು ಆದದ್ದು ಕೊಲ್ಲಂ ಹತ್ತಿರ. ನಮ್ಮ ಮಲ್ಪೆಯ ಎದುರೂ ಆಗಬಹುದಿತ್ತು ಅಲ್ವಾ? ಕಳ್ಳ ಬಂದರೂ ಸಾಯುವುದು ನಾವು, ಕಾವಲಿನವ ತಪ್ಪಿದರೂ ಸಾಯುವುದು ನಾವು.

ಇನ್ನೂ ಒಂದು. ಸೊಮಾಲಿಯಾದಲ್ಲಿ 1991ರ ನಂತರ ಸರ್ಕಾರವೇ ಇರಲಿಲ್ಲ. ದೂರದ ದೇಶದ ದೊಡ್ಡ ಟ್ರಾಲರುಗಳು ಬಂದು ಅವರ ಕಡಲನ್ನು ಬಾಚಿಕೊಂಡು ಹೋದವು. ಮೀನು ಇಲ್ಲದ ದಡದಲ್ಲಿ ಹುಡುಗರು ಬಂದೂಕು ಹಿಡಿದರು. ಆಮೇಲೆ ದುಡ್ಡಿನ ರುಚಿ ಹತ್ತಿತು, ಹಿಂದೆ ದೊಡ್ಡವರು ಸೇರಿಕೊಂಡರು. ಅವರು ಮಾಡಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಅವರ ಮೀನನ್ನು ಕಾಯಲು ಎಷ್ಟು ಯುದ್ಧನೌಕೆ ಹೋದವು?

ಸುರತ್ಕಲ್ ಇಂಜಿನಿಯರ್

ತಂಡೇಲರೆ, ಥಾಯ್ ಟ್ರಾಲರಿನ ವಿಷಯ ನನಗೆ ಗೊತ್ತಿತ್ತು. ಬರೆಯಲಿಲ್ಲ. ಬರೆಯಬೇಕಿತ್ತು, ಕ್ಷಮಿಸಿ.

ನಿಮ್ಮ ಮಾತು ಓದಿದ ಮೇಲೆ ನನ್ನ ವಾದ ಇನ್ನೂ ಗಟ್ಟಿಯಾಯಿತು. ತಬರ್ ಆ ಕಡಲಿಗೆ ಹೋಗಿ ಆಗ ಒಂದು ತಿಂಗಳೂ ಆಗಿರಲಿಲ್ಲ. ಮೇಲಿನಿಂದ ನೋಡಿ ಹೇಳುವವರು ಕಡಿಮೆ, ಬೇರೆ ದೇಶದವರ ಜೊತೆ ಮಾಹಿತಿ ಹಂಚುವುದು ಕಡಿಮೆ. ಸುಮಿತ್ರಾ 2024ರಲ್ಲಿ ಒಂದು ಜೀವವನ್ನೂ ಕಳೆದುಕೊಳ್ಳದೆ ಎರಡು ಬೋಟು ಬಿಡಿಸಿತು. ನಡುವೆ 15 ವರ್ಷದ ಅನುಭವ ಉಂಟು. 2018ರಲ್ಲಿ ಗುರುಗ್ರಾಮದಲ್ಲಿ ಮಾಹಿತಿ ಕೇಂದ್ರ ಶುರುವಾಯಿತು. ಬೇರೆ ಬೇರೆ ದೇಶದ ಅಧಿಕಾರಿಗಳು ಅಲ್ಲಿ ಒಟ್ಟಿಗೆ ಕೂತು ಯಾವ ಹಡಗು ಎಲ್ಲಿ ಉಂಟು ಅಂತ ನೋಡುತ್ತಾರೆ. ಒಂದೇ ಕಡಲಲ್ಲಿ ವರ್ಷಗಟ್ಟಲೆ ಇದ್ದವನಿಗೆ ಬಲೆ ಯಾವುದು, ಬಂದೂಕು ಯಾವುದು ಅಂತ ಗೊತ್ತಾಗುತ್ತದೆ.

ಕಾನೂನೂ ಹಾಗೆ. 2011ರಲ್ಲಿ ಹಿಡಿದವರನ್ನು ಮುಂಬೈಗೆ ತಂದರು. ಕಡಲ್ಗಳ್ಳತನಕ್ಕೆ ಅಂತ ಪ್ರತ್ಯೇಕ ಕಾನೂನೇ ನಮ್ಮಲ್ಲಿ ಇರಲಿಲ್ಲ. ತೀರ್ಪು ಬರುವಾಗ 2017. 2022ರಲ್ಲಿ ಸಂಸತ್ತು ಕಾನೂನು ಮಾಡಿತು. ರುಯೆನ್‌ನ 35 ಜನರನ್ನು ಮುಂಬೈಗೆ ತರುವಾಗ ಯಾವ ಕಾನೂನಿನಲ್ಲಿ ಕೇಸು ಹಾಕುವುದು ಅಂತ ತಡಕಾಡಬೇಕಾಗಲಿಲ್ಲ.

ನೀವು ಸೊಮಾಲಿಯಾದ ಮೀನಿನ ಬಗ್ಗೆ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಪಡುಬಿದ್ರಿಯವ

ಏಜೆಂಟರ ಲೆಕ್ಕ ಒಪ್ಪಿದೆ. ನಮ್ಮ ಪಾದೂರಿನಲ್ಲೇ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾತೈಲ ಇಡುವ ಗುಹೆ ಮಾಡಿದ್ದಾರೆ, ನಮ್ಮ ಮನೆಯಿಂದ ದೂರ ಇಲ್ಲ. ಮಂಗಳೂರಿನಲ್ಲಿ ಇನ್ನೂ 15 ಲಕ್ಷ ಟನ್. ದಾರಿ ಕಟ್ಟಿದರೆ ಅದು ಕೆಲವು ದಿನ ಬರಬಹುದು ಅಷ್ಟೆ. ಹಾಗಾಗಿ ಕಾವಲು ಬೇಡ ಅನ್ನುವುದಿಲ್ಲ. ಆದರೆ ಇನ್ನೊಂದು ದಾರಿ ಇಲ್ಲವಾ? ದಾಟಿಸಿದ ಪ್ರತಿ ವಿದೇಶಿ ಹಡಗಿನಿಂದ ಶುಲ್ಕ ತೆಗೆದುಕೊಳ್ಳಲಿ. ಟೋಲ್ ಗೇಟಿನ ಹಾಗೆ.

ಕುಂದಾಪುರ ಮೇಷ್ಟ್ರು

ಶುಲ್ಕದ ಮಾತು ಬಂದದ್ದಕ್ಕೆ ನಾನು ಬರೆಯಲೇಬೇಕು. ನಮ್ಮ ಕರಾವಳಿಯಲ್ಲಿ ಇದನ್ನು ಒಮ್ಮೆ ಮಾಡಿ ನೋಡಿದ್ದಾರೆ. ಮಾಡಿದವರು ಪೋರ್ಚುಗೀಸರು. ಅವರ ಕೈಯಿಂದ ಕಾರ್ತಾಸ್ ಎಂಬ ಚೀಟಿ ತೆಗೆದುಕೊಳ್ಳದೆ ಯಾವ ಹಡಗೂ ಅರಬ್ಬಿ ಕಡಲು ದಾಟುವ ಹಾಗಿರಲಿಲ್ಲ. ಚೀಟಿ ಇಲ್ಲದಿದ್ದರೆ ಹಡಗು ಜಪ್ತಿ. ಹೆಸರಿಗೆ ರಕ್ಷಣೆ, ನಿಜಕ್ಕೆ ಸುಲಿಗೆ. ಬಸ್ರೂರಿನ ಅಕ್ಕಿ ವ್ಯಾಪಾರಿಗಳಿಗೂ, ಉಳ್ಳಾಲದ ಕಾಳುಮೆಣಸಿಗೂ ಅದರ ಬಿಸಿ ತಟ್ಟಿತು. ಅಬ್ಬಕ್ಕ ರಾಣಿ ಅವರಿಗೆ ಕಪ್ಪ ಕೊಡಲು ಒಪ್ಪದೆ ಕಾದಾಡಿದ್ದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು.

ದುಡ್ಡು ಕೊಟ್ಟವನನ್ನು ಕಾಯುವುದು, ಕೊಡದವನನ್ನು ಬಿಡುವುದು ಅಂತ ಶುರುವಾದರೆ ಆ ಕಡಲು ಯಾರದ್ದಾಗುತ್ತದೆ? ಪಾಕಿಸ್ತಾನದ ಆ 19 ಮೀನುಗಾರರ ಹತ್ತಿರ ಶುಲ್ಕ ಕೇಳಬೇಕಿತ್ತಾ? ಈಗ ನಮ್ಮವರು ಯಾರ ಹತ್ತಿರವೂ ಕೇಳದೆ ಕಾಯುತ್ತಿದ್ದಾರೆ. ಖರ್ಚಾದರೂ ಹಾಗೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಪಡುಬಿದ್ರಿಯವ

ಮೇಷ್ಟ್ರೆ, ಈ ಉದಾಹರಣೆ ನನಗೆ ಹೊಳೆದಿರಲಿಲ್ಲ. ಶುಲ್ಕದ ಮಾತು ವಾಪಸ್ ತೆಗೆದುಕೊಂಡೆ. ಕಡಲ್ಕೊರೆತದ ಕಲ್ಲಿನ ಮಾತು ಬಿಡುವುದಿಲ್ಲ.

ಕಾಟಿಪಳ್ಳದ ಹುಡುಗ

ನಾನು ಡೆಕ್ ಕೆಡೆಟ್. ಮುಂದಿನ ತಿಂಗಳು ಮೊದಲ ಹಡಗು, ಬಲ್ಕ್ ಕ್ಯಾರಿಯರ್. ದಾರಿ ಕೆಂಪು ಸಮುದ್ರದ ಕಡೆ ಇರಬಹುದು ಅಂತ ಹೇಳಿದ್ದಾರೆ. ಅಮ್ಮ ಊಟ ಸರಿಯಾಗಿ ಮಾಡುತ್ತಿಲ್ಲ. ಅಮ್ಮನಿಗೆ ಎಂತ ಹೇಳಲಿ?

ಸುರತ್ಕಲ್ ಇಂಜಿನಿಯರ್

ತಮ್ಮಾ, ಮೊದಲು ನಿನ್ನ ಕೆಲಸ. ಹಡಗು ಹತ್ತಿದ ದಿನವೇ ಸಿಟಡೆಲಿಗೆ ಹೋಗುವ ದಾರಿಯನ್ನು ಕಣ್ಣು ಮುಚ್ಚಿ ನಡೆದು ಕಲಿ. ಡ್ರಿಲ್ಲನ್ನು ಸುಮ್ನೆ ಶಾಸ್ತ್ರಕ್ಕೆ ಮಾಡಬೇಡ. ಎಲ್ಲರೂ ಒಳಗೆ ಸೇರಿದರೆ ಮಾತ್ರ ಹೊರಗಿನವರು ಧೈರ್ಯವಾಗಿ ಹತ್ತುತ್ತಾರೆ. ಒಬ್ಬ ಹೊರಗೆ ಉಳಿದರೂ ಎಲ್ಲರ ಕೈ ಕಟ್ಟಿದ ಹಾಗೆ. ಲುಕೌಟ್ ನಿಂತಾಗ ಮೊಬೈಲ್ ಜೇಬಿನಿಂದ ಹೊರಗೆ ತೆಗೆಯಬೇಡ.

ಅಮ್ಮನಿಗೆ ಸುಳ್ಳು ಹೇಳಬೇಡ. 2024ರ ಜನವರಿ 26ರಂದು ಮಾರ್ಲಿನ್ ಲುವಾಂಡಾ ಟ್ಯಾಂಕರಿಗೆ ಕ್ಷಿಪಣಿ ಬಡಿದಾಗ ಅದರಲ್ಲಿ 22 ಜನ ಭಾರತೀಯರು. ಐಎನ್ಎಸ್ ವಿಶಾಖಪಟ್ಟಣಂನಿಂದ ಬೆಂಕಿ ಆರಿಸುವವರು ಹೋಗಿ ಹಡಗಿನವರ ಜೊತೆ ಸೇರಿ ಆರಿಸಿದರು. ಎಲ್ಲರೂ ಬದುಕಿದರು. ಅದೇ ವರ್ಷ ಮಾರ್ಚಿನಲ್ಲಿ ಟ್ರೂ ಕಾನ್ಫಿಡೆನ್ಸ್ ಹಡಗಿಗೆ ಕ್ಷಿಪಣಿ ಬಡಿದು ಮೂವರು ತೀರಿಕೊಂಡರು. ನಮ್ಮವರು 21 ಜನರನ್ನು ನೀರಿನಿಂದ ಎತ್ತಿದರು. ಎರಡನ್ನೂ ಹೇಳು. ಅಪಾಯದ ಪ್ರದೇಶಕ್ಕೆ ಹೋಗಲು ಒಪ್ಪದಿರುವ ಹಕ್ಕು ನಿನಗೆ ಉಂಟಾ ಅಂತ ಸಹಿ ಹಾಕುವ ಮುಂಚೆ ಕಾಂಟ್ರಾಕ್ಟಿನಲ್ಲಿ ಓದಿ ನೋಡು.

ಉಳ್ಳಾಲದ ಅಕ್ಕ

ಮಗಾ, ಅಮ್ಮನ ನಂಬರು ನನಗೆ ಖಾಸಗಿಯಾಗಿ ಕಳಿಸು. ನಾನು ಮಾತಾಡುತ್ತೇನೆ. ಬೇಕಾದರೆ ಮನೆಗೇ ಬರುತ್ತೇನೆ.

ಮಲ್ಪೆ ತಂಡೇಲ

ಇಂಜಿನಿಯರೆ, ಒಂದು ಸಹಾಯ ಬೇಕು. ಈಗ ಬೋಟು ದಡದಲ್ಲಿ ಉಂಟು. ಆಗಸ್ಟ್ 1ಕ್ಕೆ ಇಳಿಯುತ್ತೇವೆ. ನಮ್ಮಲ್ಲಿ ಹೆಚ್ಚಿನ ಬೋಟಿಗೆ ವಿಎಚ್‌ಎಫ್ ಉಂಟು, ಕೆಲವರಿಗೆ ಬೋಟು ಎಲ್ಲಿ ಉಂಟು ಅಂತ ತಿಳಿಸುವ ಹೊಸ ಟ್ರಾನ್ಸ್‌ಪಾಂಡರ್ ಬಂದಿದೆ. ಆದರೆ ದೊಡ್ಡ ಹಡಗು ಹತ್ತಿರ ಬಂದಾಗ ಹುಡುಗರು ಮಾತಾಡುವುದಿಲ್ಲ, ಇಂಗ್ಲಿಷ್ ಅಂತ ಹೆದರುತ್ತಾರೆ. ನಾವು ಮೀನುಗಾರರು, ಬಲೆ ಇಂಥ ದಿಕ್ಕಿಗೆ ಉಂಟು ಅಂತ ಹೇಳಲು ನಾಲ್ಕು ಮಾತು ಕಲಿಸಿಕೊಡಬಹುದಾ?

ಸುರತ್ಕಲ್ ಇಂಜಿನಿಯರ್

ಆದಿತ್ಯವಾರ ಬೆಳಿಗ್ಗೆ ಒಂಬತ್ತಕ್ಕೆ ಮಲ್ಪೆಗೆ ಬರುತ್ತೇನೆ. ನಾಲ್ಕೇ ಮಾತು ಸಾಕು, ಕನ್ನಡ ಅಕ್ಷರದಲ್ಲೇ ಬರೆದು ತರುತ್ತೇನೆ, ವೀಲ್‌ಹೌಸಿನಲ್ಲಿ ಅಂಟಿಸಿ. ತುರ್ತು ಕರೆಯ ಚಾನೆಲ್ 16ನ್ನು ಯಾವತ್ತೂ ಬಂದ್ ಮಾಡಬಾರದು, ಅದನ್ನು ಈಗಲೇ ಎಲ್ಲರಿಗೂ ಹೇಳಿಬಿಡಿ. ಕಾರ್ಕಳದವರೆ, ನೀವೂ ಬನ್ನಿ. ಯುದ್ಧನೌಕೆಯವರು ಮೊದಲು ಎಂತ ಕೇಳುತ್ತಾರೆ ಅಂತ ನಿಮಗೇ ಗೊತ್ತು.

ಕಾರ್ಕಳ ಮಾಜಿ ನೌಕಾಪಡೆ

ಬರುತ್ತೇನೆ. ನನ್ನ ಹತ್ತಿರ ಹಳೆಯ ಎರಡು ಹ್ಯಾಂಡ್‌ಸೆಟ್ ಉಂಟು, ಬ್ಯಾಟರಿ ಚಾರ್ಜಿಗೆ ಇಟ್ಟಿದ್ದೇನೆ.